ಕೀಲಿ ಹಾಕಿದ ಮನೆ

ನಾನು ಬರೆದ ಮನೆಭೇಟಿ ವರದಿಗಳಲ್ಲೆಲ್ಲ ತೀರ ಸಣ್ಣದು ಮೂರು ವಾಕ್ಯದ್ದು. 'ಮನೆಗೆ ಬೀಗ ಹಾಕಲಾಗಿತ್ತು. ಹಗಲು ಹೊತ್ತಿನಲ್ಲಿ ಮಗುವನ್ನು ನೋಡಿಕೊಳ್ಳಲು ಯಾರೂ ಇರುವುದಿಲ್ಲವೆಂದು ನೆರೆಹೊರೆಯವರಿಂದ ತಿಳಿದುಬಂದಿದೆ. ವಯಸ್ಸಾದ ಅಜ್ಜಿಯಿಂದ ಮಗುವಿನ ಪಾಲನೆಯಲ್ಲಿ ನಿರ್ಲಕ್ಷ್ಯವಾಗಿರುವುದು ಕಂಡುಬರುತ್ತದೆ.' ಹಾಗೆ ನೋಡಿದರೆ ಸರ್ಕಾರದ ನಮೂನೆ ಬಲು ಉದ್ದ, ಖಾನೆಗಳೋ ಲೆಕ್ಕವಿಲ್ಲದಷ್ಟು. ಆದರೆ ನನ್ನ ಸ್ವಂತ ಮಾತಿನಲ್ಲಿ ನಾನು ಬರೆದದ್ದು ಇಷ್ಟೇ. ಕೆಳಗೆ ಸಹಿ, ತಾರೀಖು.

ಮೊದಲ ಎರಡು ವಾಕ್ಯ ಖರೆ. ಮೂರನೆಯದು ನನ್ನ ಊಹೆ. ಅದನ್ನು ಮೊದಲೆರಡರ ಬೆನ್ನಿಗೆ ಕಟ್ಟಿ ಕಳಿಸಿಬಿಟ್ಟಿದ್ದೆ.

ಈ ಕೆಲಸದ ಬಗ್ಗೆ ಬಹಳ ಜನರಿಗೆ ಗೊತ್ತಿಲ್ಲ, ಆದ್ದರಿಂದ ನಾಲ್ಕು ಮಾತು ಹೇಳಿ ಮುಂದೆ ಹೋಗುತ್ತೇನೆ. ಮನೆ ಬಿಟ್ಟು ಬಂದ, ದಿಕ್ಕಿಲ್ಲದ, ದುಡಿಮೆಗೆ ಹಚ್ಚಿದ, ಹೊಡೆತ ತಿಂದ ಯಾವ ಮಗು ಸಿಕ್ಕರೂ 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಅದನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು ಎನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆ. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಜಿಲ್ಲೆಗೊಂದು ಸಮಿತಿಯಾದರೂ ಇರಬೇಕು. ಮಗು ಅಲ್ಲಿಯವರೆಗೆ ಎಲ್ಲಿರಬೇಕೆಂದು ಹೇಳಿ, ಸಮಿತಿ ಒಬ್ಬ ಸಮಾಜ ಕಾರ್ಯಕರ್ತರನ್ನೋ ಅಧಿಕಾರಿಯನ್ನೋ ಮಗುವಿನ ಮನೆಗೆ ಕಳಿಸುತ್ತದೆ. ಅವರು ಹೋಗಿ ನೋಡಿ 15 ದಿನದೊಳಗೆ ವರದಿ ಕೊಡಬೇಕು. ಸಾಮಾಜಿಕ ತನಿಖಾ ವರದಿ ಎಂದು ಅದರ ಹೆಸರು, ನಮೂನೆ 22. ಅದನ್ನು ನೋಡಿಕೊಂಡು ನಾಲ್ಕು ತಿಂಗಳೊಳಗೆ ಸಮಿತಿ ಕೊನೆಯ ಆದೇಶ ಮಾಡುತ್ತದೆ. ಮಗು ಮನೆಗೋ, ಬಾಲಮಂದಿರಕ್ಕೋ, ಇನ್ನೆಲ್ಲಿಗೋ. ಸಂಸ್ಥೆಯಲ್ಲಿ ಇಡುವುದು ಎಲ್ಲ ದಾರಿ ಮುಗಿದ ಮೇಲಿನ ದಾರಿ ಎಂದು ಅದೇ ಕಾಯ್ದೆಯ ಮೂರನೆಯ ಕಲಮು ಹೇಳುತ್ತದೆ. ಸಮಿತಿಯವರು ಮನೆ ನೋಡಿರುವುದಿಲ್ಲ. ನೋಡಿದವಳು ನಾನು. ಅವರ ಕಣ್ಣು ಎಂದರೆ ನನ್ನ ಕಣ್ಣು.

ಹುಡುಗನ ಹೆಸರನ್ನಾಗಲಿ ಊರನ್ನಾಗಲಿ ಬರೆಯುವಂತಿಲ್ಲ, ಕಲಮು 74 ಅದನ್ನು ತಡೆಯುತ್ತದೆ. ತಡೆಯದಿದ್ದರೂ ಬರೆಯುತ್ತಿರಲಿಲ್ಲ. ಕಮಲಾಪುರದಿಂದ ಒಳಗೆ ಟಂಟಂ ಹಿಡಿದು ಹೋಗುವ ಹಳ್ಳಿ ಎಂದರೆ ಸಾಕು. ಅಂಥ ಹಳ್ಳಿಗಳು ಆ ಕಡೆ ಬೇಕಾದಷ್ಟಿವೆ.

2023ರ ಡಿಸೆಂಬರ್ ಮೊದಲ ವಾರ. ಕಲಬುರಗಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಒಬ್ಬ ಹುಡುಗ ಮುಂಜಾನೆಯಿಂದ ಕುಳಿತಿದ್ದ. ಹನ್ನೊಂದು ವರ್ಷ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಒಂದು ಅಂಗಿ, ಎರಡು ಬಾಳೆಹಣ್ಣು. ಪುಣೆಗೆ ಹೋಗುವ ಗಾಡಿ ಯಾವುದು ಎಂದು ಹೋಗಿಬರುವವರನ್ನು ಕೇಳುತ್ತಿದ್ದನಂತೆ. ಅಲ್ಲಿ ಅವ್ವ ಇದ್ದಾಳೆ, ಕಟ್ಟಡದ ಕೆಲಸ. ಪುಣೆಯಲ್ಲಿ ಎಲ್ಲಿ ಎಂದರೆ, "ದೊಡ್ಡ ಬಿಲ್ಡಿಂಗ್ ಅದ್ರಿ, ಇನ್ನಾ ಮುಗಿದಿಲ್ಲ" ಎಂದ. ಊರಿಗೆ ಯಾಕೆ ಹೋಗುವುದಿಲ್ಲ ಎಂದರೆ, "ಆಯಿ ಹೊಡೀತಾಳ" ಎಂದ. ಅಜ್ಜಿಯನ್ನು ಅವನು ಆಯಿ ಎನ್ನುತ್ತಿದ್ದ. ಅವನ ಎಡಗಾಲಿನ ಮೀನಖಂಡದ ಮೇಲೆ ಬಾಸುಂಡೆಯ ಎರಡು ಗೆರೆ ಇದ್ದವು, ಹಳೆಯವು. ನನಗೆ ಆ ಗೆರೆಗಳೇ ಸಾಕಾಗಿದ್ದವು ಎಂದು ಕಾಣುತ್ತದೆ. ಮನೆ ನೋಡುವ ಮೊದಲೇ ಅರ್ಧ ವರದಿ ತಲೆಯಲ್ಲಿ ತಯಾರಾಗಿತ್ತು.

ಹಾಗಾಗಲು ಕಾರಣವೂ ಇತ್ತು. ಅದಕ್ಕೆ ಎರಡು ವರ್ಷ ಹಿಂದಕ್ಕೆ ಹೋಗಬೇಕು, ಕಲಬುರಗಿ ಶಹರದ ಒಂದು ಓಣಿಗೆ.

ಹದಿನೈದು ವರ್ಷದ ಹುಡುಗಿಯ ಮದುವೆ ನಡೆಯುವುದಿದೆ ಎಂದು 1098ಕ್ಕೆ ಯಾರೋ ಫೋನ್ ಮಾಡಿ, ಮದುವೆ ನಿಂತು, ತಂದೆತಾಯಿ ಮುಚ್ಚಳಿಕೆ ಬರೆದುಕೊಟ್ಟಿದ್ದರು. ಆ ಮೇಲೆ ಹೋಗಿ ನೋಡಿಕೊಂಡು ಬರುವ ಪಾಳಿ ನನ್ನದು. ನಾನು ಸಭ್ಯತೆಗೆಂದು ಹಿಂದಿನ ದಿನವೇ ಫೋನ್ ಮಾಡಿದೆ. ಹೋದರೆ ಮನೆ ಕನ್ನಡಿಯ ಹಾಗಿತ್ತು. ಬಾಗಿಲಿಗೆ ಹೊಸ ಪರದೆ. ಸುಸಲಾ, ಮಿರ್ಚಿ ಭಜಿ, ಮೇಲೆ ಚಹಾ. ಹುಡುಗಿಯೇ ಚಹಾ ತಂದಳು. ತಂದೆ, ತಾಯಿ, ಕಾಕಾ, ಎಲ್ಲರೂ ಕುಳಿತಿದ್ದಾಗಲೇ ನಾನು ಅವಳನ್ನು ಕೇಳಿದೆ: "ಶಾಲಿಗೆ ಹೋಗ್ತೀಯೇನಮ್ಮಾ?" ಅವಳು ತಲೆಯಾಡಿಸಿದಳು. 'ಕುಟುಂಬದ ವಾತಾವರಣ ಉತ್ತಮವಾಗಿದೆ' ಎಂದು ಬರೆದೆ. ಎರಡೂವರೆ ತಿಂಗಳ ಮೇಲೆ ಅದೇ ಓಣಿಯಲ್ಲಿ ಬೇರೆ ಕೆಲಸಕ್ಕೆ ಹೋದವಳು ಸುಮ್ಮನೆ ಇಣುಕಿದೆ. ಪರದೆ ಇತ್ತು, ಹುಡುಗಿ ಇರಲಿಲ್ಲ. "ಅತ್ತಿ ಊರಿಗಿ ಹೋಗ್ಯಾಳ್ರಿ" ಎಂದರು. ಯಾವ ಅತ್ತೆ ಎಂಬುದು ಅವರ ಮುಖದಲ್ಲೇ ಇತ್ತು. ಕರ್ನಾಟಕದಲ್ಲಿ 2016ರ ತಿದ್ದುಪಡಿಯ ನಂತರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಅಂದರೆ ಅದು ಆಗಿಯೇ ಇಲ್ಲ ಎಂದು ಕಾನೂನಿನ ಲೆಕ್ಕ. ಆ ಹುಡುಗಿಯ ಲೆಕ್ಕದಲ್ಲಿ ಅದು ಆಗಿತ್ತು. ಕೇಸಾಯಿತು, ಆಕೆಯನ್ನು ಕರೆತಂದರು, ಮುಂದೆ ಓದಿದಳು. ಅದೆಲ್ಲ ಸರಿ. ಆದರೆ ಸಮಿತಿಯ ಬಾಗಿಲಲ್ಲಿ ಎದುರಾದಾಗ ಆಕೆ ನನ್ನ ಮುಖ ನೋಡಲಿಲ್ಲ. ನಾನು ಅಂದು ಒಂದೇ ಒಂದು ನಿಮಿಷ ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಮಾತಾಡಿಸಿದ್ದರೆ ಸಾಕಿತ್ತು.

ಆ ಚಹಾ ಕುಡಿದ ಮೇಲೆ ನಾನು ಅನುಮಾನದ ಹೆಂಗಸಾದೆ. ನಗುವ ಮನೆ ಕಂಡರೆ ಏನು ಮುಚ್ಚಿಟ್ಟಿದ್ದಾರೆ ಎನ್ನಿಸುತ್ತಿತ್ತು. ಅಳುವ ಮನೆ ಕಂಡರೆ ನಾಟಕ ಎನ್ನಿಸುತ್ತಿತ್ತು. ಬೀಗ ಹಾಕಿದ ಮನೆ ಕಂಡರೆ ಕೇಳುವುದೇ ಬೇಡ.

ಕಮಲಾಪುರ ಕಲಬುರಗಿಯಿಂದ ಹುಮನಾಬಾದ ರಸ್ತೆಯಲ್ಲಿ, ಮಹಾಗಾಂವ್ ಕ್ರಾಸ್ ದಾಟಿ ಹೋದರೆ ಸಿಗುವ ಊರು. ಬಸ್ಸಿನಲ್ಲಿ ಒಂದು ತಾಸಿನ ಹಾದಿ. 2017ರಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಅದೂ ಒಂದು. ದೂರದವರಿಗೆ ಕಮಲಾಪುರ ಎಂದರೆ ಕೆಂಪು ಬಾಳೆ. ಭೌಗೋಳಿಕ ಗುರುತಿನ ಪಟ್ಟಿಯಲ್ಲಿ ಸೇರಿರುವ ಹಣ್ಣು. ರಸ್ತೆ ಬದಿಯಲ್ಲಿ ಗೊನೆ ತೂಗುಹಾಕಿಕೊಂಡು ಕುಳಿತಿರುತ್ತಾರೆ, ಕಾರಿನವರು ಇಳಿದು ಕೊಂಡು ಹೋಗುತ್ತಾರೆ. ಒಳಗಿನ ಹಳ್ಳಿಗಳ ಕೂಲಿಯವರು ಆ ಹಣ್ಣು ತಿನ್ನುವುದು ಅಪರೂಪ, ಬೆಲೆ ಹಾಗಿದೆ. ಅವರ ಬದುಕು ನಿಂತಿರುವುದು ತೊಗರಿಯ ಮೇಲೆ. ಡಿಸೆಂಬರಿನಿಂದ ತೊಗರಿ ಕೊಯ್ಲು, ಅದು ಮುಗಿದರೆ ಊರಲ್ಲಿ ಕೈಗೆ ಕೆಲಸವಿಲ್ಲ. ಆಗ ಗಟ್ಟಿಮುಟ್ಟಾದವರು ಗಂಟುಮೂಟೆ ಕಟ್ಟಿ ಗುಳೆ ಹೋಗುತ್ತಾರೆ. ಮುಂಬೈ, ಪುಣೆ, ಹೈದರಾಬಾದ್. ಊರಲ್ಲಿ ಉಳಿಯುವವರು ಮುದುಕರು ಮತ್ತು ಮಕ್ಕಳು. ಕೆಲವರು ಸುಗ್ಗಿಗೂ ಬರುವುದಿಲ್ಲ. ಮುಂಗಡ ಇಸಗೊಂಡಿರುತ್ತಾರೆ, ತೀರುವ ತನಕ ಬರುವಂತಿಲ್ಲ.

ನಾನು ಹೋದದ್ದು ಡಿಸೆಂಬರ್ ನಡುವಿನ ಒಂದು ದಿನ. ಹಳ್ಳಿಗೆ ಮುಟ್ಟಿದಾಗ ಹನ್ನೊಂದೂವರೆ. ಬೀದಿಯಲ್ಲಿ ಒಂದು ಹುಳುವಿಲ್ಲ. ಕಿರಾಣಿ ಅಂಗಡಿಯವನು ಮನೆ ತೋರಿಸಿದ. ಪತ್ರಾಸಿನ ಮನೆ, ಬಾಗಿಲಿಗೆ ಹಳೆಯ ಹಿತ್ತಾಳೆಯ ಕೀಲಿ. ಬೀಗಕ್ಕೆ ನಮ್ಮ ಕಡೆ ಕೀಲಿ ಎಂದೇ ಅನ್ನುತ್ತಾರೆ, ಬೀಗದ ಕೈಗೆ ಕೀಲಿಕೈ. ಎದುರು ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ಮುದುಕಪ್ಪನನ್ನು ಕೇಳಿದೆ. "ಹಗಲಿ ಯಾರ ಇರ್ತಾರ್ರಿ? ಹುಡುಗ ಹಂಗೇ ತಿರಗತದ" ಎಂದ. ಶಾಲೆಗೆ ಹೋದೆ. ಹುಡುಗ ವಾರಕ್ಕೆ ಒಂದೋ ಎರಡೋ ದಿನ ತಪ್ಪಿಸುತ್ತಾನೆ ಎಂದು ಹಾಜರಿ ಪುಸ್ತಕ ಹೇಳಿತು. ವಾಪಸು ಬಂದು, ಸಮಿತಿಯ ಮುಂದೆ ಇಂಥ ದಿನ ಹಾಜರಾಗಬೇಕೆಂದು ಒಂದು ಚೀಟಿ ಬರೆದು ಅಂಗಡಿಯವನ ಕೈಗೆ ಕೊಟ್ಟೆ. ಒಂದು ಗಂಟೆಯ ಬಸ್ಸು ಹಿಡಿದೆ. ಬಸ್ಸಿನಲ್ಲೇ ತೊಡೆಯ ಮೇಲೆ ಇಟ್ಟುಕೊಂಡು ಮೂರು ವಾಕ್ಯ ಬರೆದೆ.

ಸಮಿತಿ ಕೂಡಿದ ದಿನ ಅಜ್ಜಿ ಬಂದಿದ್ದಳು. ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದಿದ್ದಳು. ಓದಲು ಬರುವುದಿಲ್ಲ, ಕಂಡಕ್ಟರಿಗೂ ಆಟೋದವರಿಗೂ ಅದನ್ನೇ ತೋರಿಸುತ್ತ ಬಂದಳಂತೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾಗಿ ಆಗ ಆರು ತಿಂಗಳಾಗಿತ್ತು. "ಟಿಕೆಟ್ಟಿನ ರೊಕ್ಕ ಉಳೀತು, ಕೂಲಿ ಹೋಯ್ತು" ಎಂದು ಯಾರಿಗೋ ಹೇಳುತ್ತಿದ್ದಳು. ನಾನು ನಿರೀಕ್ಷಿಸಿದಷ್ಟು ಮುದುಕಿಯೇನಲ್ಲ. ಬಿಸಿಲಿಗೆ ಕಪ್ಪಾದ, ಗಟ್ಟಿ ಮೈಯ ಹೆಂಗಸು.

ನನ್ನ ವರದಿಯನ್ನು ಓದಲಾಯಿತು. ಅಜ್ಜಿ ಏನೂ ಅನ್ನಲಿಲ್ಲ. ಸದಸ್ಯರಲ್ಲಿ ಒಬ್ಬರು ಹಿರಿಯ ಹೆಂಗಸು, ಹಳ್ಳಿಯಲ್ಲಿ ಬೆಳೆದವರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು: "ನೀವು ಹೋದಾಗ ಎಷ್ಟು ಹೊತ್ತಾಗಿತ್ರಿ?"

"ಹನ್ನೊಂದೂವರೆ ಮೇಡಂ."

"ತೊಗರಿ ಸುಗ್ಗ್ಯಾಗ ಹನ್ನೊಂದೂವರಿಗಿ ಕೂಲಿ ಮಾಡೋರ ಮನ್ಯಾಗ ಯಾರ ಇರ್ತಾರ? ನಿಮ್ಮ ಮನಿಗಿ ಈಗ ಯಾರರ ಹೋದ್ರ ಕೀಲಿ ಇರ್ತದಿಲ್ಲೋ?"

ನನ್ನ ಮನೆಗೂ ಕೀಲಿ ಇತ್ತು. ನನ್ನ ಮಗಳು ಶಾಲೆಯಿಂದ ಬಂದು, ಪಕ್ಕದ ಮನೆಯಲ್ಲಿಟ್ಟ ಕೀಲಿಕೈ ಇಸಗೊಂಡು, ಬಾಗಿಲು ತೆಗೆದು ಒಬ್ಬಳೇ ಕೂರುತ್ತಿದ್ದಳು. ಅದನ್ನು ಯಾರೂ ನಿರ್ಲಕ್ಷ್ಯ ಎಂದಿರಲಿಲ್ಲ. ಮಗಳಿಗೆ ಜವಾಬ್ದಾರಿ ಬಂದಿದೆ ಎಂದು ಬೀಗರು ಹೊಗಳಿದ್ದರು.

"ಸಂಜಿ ಮುಂದ ಹೋಗ್ರಿ. ಹೇಳದೆ ಹೋಗ್ರಿ. ಕುಂತು ಬರ್ರಿ" ಎಂದರು ಅವರು. ಸಮಿತಿ ವರದಿಯನ್ನು ನನಗೇ ವಾಪಸು ಕೊಟ್ಟಿತು.

ಮನೆಭೇಟಿಯ ಬಗ್ಗೆ ಓದುಗರಿಗೆ ಇನ್ನೊಂದು ಸಂಗತಿ ಹೇಳಬೇಕು. ನಾವು ಕೈಯಲ್ಲಿ ಪುಸ್ತಕ, ಪೆನ್ನು ಹಿಡಿದು ಬೀದಿಗೆ ಕಾಲಿಟ್ಟರೆ 'ಸರ್ವೇದವರು ಬಂದಾರ' ಎಂದು ಸುದ್ದಿ ಹಬ್ಬುತ್ತದೆ. ಬಿಪಿಎಲ್ ಕಾರ್ಡು ರದ್ದಾದೀತೆಂದು ಗ್ಯಾಸ್ ಸಿಲಿಂಡರಿನ ಮೇಲೆ ಕೌದಿ ಬೀಳುತ್ತದೆ, ಮಿಕ್ಸರು ಹಿತ್ತಲಿಗೆ ಹೋಗುತ್ತದೆ, ಟಿವಿ ಮಂಚದ ಕೆಳಗೆ ಸೇರುತ್ತದೆ. ಮನೆ ಬಂದಂತೆ ಇನ್ನಷ್ಟು ಬಡವಾಗುತ್ತದೆ. ನಾವು ಮಕ್ಕಳ ಕಡೆಯವರು ಎಂದು ಗೊತ್ತಾದರೋ ಬೇರೆ ಭಯ. ಮಕ್ಕಳನ್ನು ಎತ್ತಿಕೊಂಡು ಹೋಗುತ್ತಾರೆ ಎಂದು. ನಾರ್ವೆಯಲ್ಲಿ 2011ರಲ್ಲಿ ಒಂದು ಭಾರತೀಯ ದಂಪತಿಯ ಇಬ್ಬರು ಮಕ್ಕಳನ್ನು ಅಲ್ಲಿನ ಸರ್ಕಾರದವರು ತೆಗೆದುಕೊಂಡು ಹೋದದ್ದು, ಕೈಯಿಂದ ಉಣಿಸಿದ್ದೂ ತಪ್ಪೆಂದರು ಎಂದು ಪತ್ರಿಕೆಗಳಲ್ಲಿ ಬಂದದ್ದು, ಆ ಮೇಲೆ 2023ರಲ್ಲಿ ಅದೇ ಕಥೆ ಹಿಂದಿ ಸಿನಿಮಾ ಆದದ್ದು ಎಲ್ಲರಿಗೂ ನೆನಪಿರಬಹುದು. ಕಲಬುರಗಿಯ ಒಂದು ಓಣಿಯಲ್ಲಿ ಕಾಲೇಜು ಓದುವ ಹುಡುಗನೊಬ್ಬ ನನ್ನನ್ನು "ನೀವೂ ನಾರ್ವೇದವರೇನ್ರಿ?" ಎಂದು ಕೇಳಿದ್ದ. ನಕ್ಕು ಬಿಟ್ಟಿದ್ದೆ. ಕಮಲಾಪುರದ ಎರಡನೆಯ ಬಸ್ಸಿನಲ್ಲಿ ಕುಳಿತಾಗ ಆ ಪ್ರಶ್ನೆ ನೆನಪಾಯಿತು, ನಗು ಬರಲಿಲ್ಲ.

ಈ ಸಾರೆ ನಾಲ್ಕು ಗಂಟೆಯ ಬಸ್ಸು. ಹಳ್ಳಿ ಮುಟ್ಟಿದಾಗ ಐದೂವರೆ. ಅದೇ ಕೀಲಿ, ಅದೇ ಕಟ್ಟೆ, ಅದೇ ಮುದುಕಪ್ಪ. ಕುಳಿತೆ. ಚಳಿ ಬೀಳುವ ಹೊತ್ತಿಗೆ, ಆರೂವರೆಯ ಸುಮಾರಿಗೆ, ಒಂದು ಟೆಂಪೊ ಬಂದು ನಿಂತಿತು. ಕುಡುಗೋಲು, ಬುತ್ತಿಗಂಟು ಹಿಡಿದ ಹದಿನೈದಿಪ್ಪತ್ತು ಹೆಂಗಸರು ಇಳಿದರು. ಮಂಜಾನೆ ಏಳಕ್ಕೆ ಹೋದವರು. ಅಜ್ಜಿ ಎಲ್ಲರಿಗಿಂತ ಹಿಂದೆ ಇಳಿದಳು. ಅವಳ ಹೆಗಲ ಮೇಲೆ ಒಂದು ಮಗು ನಿದ್ದೆ ಹೋಗಿತ್ತು. ನಾಲ್ಕು ವರ್ಷದ ಹೆಣ್ಣುಮಗು, ಮೈತುಂಬ ತೊಗರಿಯ ಧೂಳು.

"ಇದ್ಯಾರವ್ವಾ?" ಎಂದೆ.

"ಅವನ ತಂಗಿ."

ನನ್ನ ವರದಿಯ ಕುಟುಂಬದ ಖಾನೆಯಲ್ಲಿ ಆ ಮಗುವೇ ಇರಲಿಲ್ಲ. ಹುಡುಗ ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಅವನ ಅವ್ವ ಎಲ್ಲಿ, ಅಪ್ಪ ಎಲ್ಲಿ, ಯಾರು ಹೊಡೆದರು ಎಂದು ಕೇಳಿದ್ದೆ. ತಂಗಿ ಇದ್ದಾಳೇನು ಎಂದು ಯಾರಿಗೆ ಹೊಳೆಯಬೇಕು?

ಕೀಲಿ ತೆಗೆದಳು. ಒಂದೇ ಖೋಲಿ. ಕೆಳಗೆ ಶಹಾಬಾದಿ ಫರಸಿ, ಗುಡಿಸಿ ಒರೆಸಿದ್ದು. ಮಾಡದಲ್ಲಿ ಬೆಳಗಿದ ಬಾಂಡೆಗಳು. ಜಂತಿಗೆ ತೂಗುಹಾಕಿದ ಬುಟ್ಟಿಯಲ್ಲಿ, ಬಟ್ಟೆ ಮುಚ್ಚಿದ ಜೋಳದ ರೊಟ್ಟಿ. ಗೋಡೆಯ ಮೊಳೆಗೆ ಹುಡುಗನ ಪಾಟೀಚೀಲ. ನಸುಕಿನ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿದು ಬುಟ್ಟಿಯಲ್ಲಿಟ್ಟು ಹೋಗುತ್ತಾಳೆ. ಹುಡುಗ ಒಂಬತ್ತಕ್ಕೆ ಉಂಡು, ಬಾಗಿಲು ಹಾಕಿಕೊಂಡು ಶಾಲೆಗೆ ಹೋಗಬೇಕು. ನಡುವೆ ಶಾಲೆಯ ಬಿಸಿಯೂಟ. ನಾಲ್ಕೂವರೆಗೆ ಬಂದರೆ ಆರೂವರೆಯ ತನಕ ಒಬ್ಬನೇ. ಅಂಗನವಾಡಿ ತೆರೆಯುವ ಮೊದಲೇ ಟೆಂಪೊ ಹೋಗುವುದರಿಂದ ಚಿಕ್ಕದನ್ನು ಹೊಲಕ್ಕೆ ಹೊತ್ತೊಯ್ಯುತ್ತಾಳೆ. ಅದಕ್ಕೆ ಜ್ವರ ಬಂದ ದಿನ ಹುಡುಗ ಶಾಲೆ ತಪ್ಪಿಸಿ ಅದನ್ನು ನೋಡಿಕೊಳ್ಳುತ್ತಾನೆ. ಹಾಜರಿ ಪುಸ್ತಕದ ಆ ಖಾಲಿ ಖಾನೆಗಳ ಕಥೆ ಅದು.

ಒಲೆ ಹೊತ್ತಿಸಿ, ನನಗೆ ಬೆನ್ನು ಮಾಡಿಕೊಂಡು ಕೇಳಿದಳು: "ನೀ ಬಂದಿದ್ದೆಂತಲ್ಲ ತಾಯಿ ಅವತ್ತು. ಕೀಲಿ ನೋಡಿ ಬರಕೊಂಡು ಹೋದಿ?"

ಹೂಂ ಎಂದೆ. ಬಾಸುಂಡೆಯ ವಿಷಯ ಕೇಳಲೇಬೇಕಿತ್ತು, ಕೇಳಿದೆ. ಅವಳು ಬಹಳ ಹೊತ್ತು ಒಲೆ ಊದಿದಳು.

"ಹೊಡದೀನಿ. ಸುಳ್ಳ್ಯಾಕ ಹೇಳ್ಲಿ? ಹುಣಸಿ ಬರಲು ತಗೊಂಡು ಎರಡ ಏಟು ಹೊಡದೀನಿ. ಡಬ್ಬ್ಯಾಗಿನ ಇನ್ನೂರು ರೂಪಾಯಿ ಕದ್ದಿದ್ದ, ಅವ್ವನ್ಹಂತ್ಯಾಕ ಹೋಗ್ತೀನಂತ. ಆ ರೊಕ್ಕ ಈ ಕೂಸಿನ ದವಾಖಾನಿದು. ಹೊಡದ ಮ್ಯಾಲ ರಾತ್ರೆಲ್ಲ ನನಗ ನಿದ್ದಿ ಹತ್ತಲಿಲ್ಲ. ಎಂಟು ದಿನಕ್ಕ ಮತ್ತ ಅದೇ ಡಬ್ಬಿ ಖಾಲಿ ಮಾಡ್ಕೊಂಡು ಹೋದ."

ಹೊಡೆದದ್ದನ್ನು ನಾನು ವರದಿಯಿಂದ ಬಿಡಲಿಲ್ಲ. ಬಿಡುವಂತೆಯೂ ಇರಲಿಲ್ಲ. ಹುಡುಗ ಹೇಳಿದ ಮಾತು ಸುಳ್ಳಲ್ಲ, ಅವನ ಕಾಲಿನ ಗೆರೆ ಸುಳ್ಳಲ್ಲ. ಬಡತನಕ್ಕೆ ಬಂದ ಸಿಟ್ಟು ಎಂದು ಹೊಡೆತವನ್ನು ಕರುಣೆಯಿಂದ ಮುಚ್ಚಿಹಾಕುವ ಸಮಾಜ ಕಾರ್ಯಕರ್ತರನ್ನೂ ನಾನು ನೋಡಿದ್ದೇನೆ. ಅವರ ಕರುಣೆಯ ಬೆಲೆಯನ್ನು ಮಗು ತೆರುತ್ತದೆ. ಆದರೆ ಹೊಡೆತದ ಜೊತೆಗೆ ಡಬ್ಬಿಯನ್ನೂ, ಜ್ವರದ ಕೂಸನ್ನೂ, ಬುಟ್ಟಿಯ ರೊಟ್ಟಿಯನ್ನೂ ಬರೆದೆ. ಈ ಸಾರೆ ಬರೆದದ್ದು ಆರು ಪುಟ ಆಯಿತು.

ಹುಡುಗನನ್ನು ಕೇಳಿದಾಗ ಅವನು ಅಷ್ಟು ಸುಲಭಕ್ಕೆ ಒಲಿಯಲಿಲ್ಲ. ಊರಿಗೆ ಹೋಗ್ತೀಯಾ ಎಂದರೆ, "ಅವ್ವ ಬಂದ್ರ ಹೋಗ್ತೀನಿ" ಎಂದು ಗೋಡೆ ನೋಡಿದ. ತಾಯಿಗೆ ಫೋನ್ ಮಾಡಿದೆ. ಹಿಂದೆ ಕಾಂಕ್ರೀಟ್ ಕಲೆಸುವ ಯಂತ್ರದ ಸದ್ದು. ಅವಳು ಹೇಳಿದ್ದು ಅರ್ಧ ಕೇಳಿಸಿತು, ಅಳು ಪೂರ್ತಿ ಕೇಳಿಸಿತು. ಸಂಕ್ರಾಂತಿಗೆ ನಾಲ್ಕು ದಿನ ರಜೆ ಪಡೆದು ಬಂದಳು. ಬಾಲಮಂದಿರದಲ್ಲಿ ಮಗನನ್ನು ಕಂಡಾಗ ಅವನು ಓಡಿಬರಲಿಲ್ಲ. ಹತ್ತಿರ ಬಂದು, "ತಂಗಿ ಹೆಂಗದಾಳ?" ಎಂದು ಕೇಳಿದ. ನನಗೆ ಹೇಳದ ತಂಗಿ.

ಮನೆಗೆ ಕಳಿಸಿಬಿಡಿ ಎಂದು ಬರೆಯುವುದು ಸುಲಭ. 2020ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಕರ್ನಾಟಕವೂ ಸೇರಿ ಎಂಟು ರಾಜ್ಯಗಳಿಗೆ ಪತ್ರ ಬರೆದು, ಸಂಸ್ಥೆಗಳಲ್ಲಿರುವ ಮಕ್ಕಳನ್ನು 100 ದಿನದೊಳಗೆ ಮನೆಗಳಿಗೆ ಮರಳಿಸುವ ಕೆಲಸ ಆಗಬೇಕು ಎಂದಿತ್ತು. ಕುಟುಂಬದಲ್ಲಿ ಬೆಳೆಯುವುದು ಮಗುವಿನ ಹಕ್ಕು ಎಂಬುದು ಅದರ ವಾದ, ಒಪ್ಪತಕ್ಕದ್ದೇ. ಆದರೆ ಯಾವ ಡಬ್ಬಿಯ ಇನ್ನೂರು ರೂಪಾಯಿಗೆ ಮಗು ಮನೆ ಬಿಟ್ಟಿತೋ ಆ ಡಬ್ಬಿಗೆ ಏನೂ ಬೀಳದೆ ಮಗುವನ್ನಷ್ಟೇ ವಾಪಸು ಇಟ್ಟು ಬಂದರೆ, ಮುಂದಿನ ಸುಗ್ಗಿಗೆ ಅದೇ ಪ್ಲಾಟ್‌ಫಾರ್ಮಿನಲ್ಲಿ ಅದೇ ಹುಡುಗ.

ಇದಕ್ಕೆ ದಾರಿ ಇದೆ. ಪ್ರಾಯೋಜಕತ್ವ ಎಂದು ಕಾಗದದಲ್ಲಿ ಕರೆಯುತ್ತಾರೆ. ಮಿಷನ್ ವಾತ್ಸಲ್ಯ ಯೋಜನೆಯ 2022ರ ಮಾರ್ಗಸೂಚಿಯಂತೆ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ವಿಧವೆಯ ಮಕ್ಕಳು, ಬಂಧುಗಳ ಮನೆಯಲ್ಲಿರುವ ಅನಾಥರು, ತಂದೆತಾಯಿ ಹಾಸಿಗೆ ಹಿಡಿದ ಮಕ್ಕಳು, ಇಂಥವರಿಗೆ. ಕುಟುಂಬದ ವರಮಾನ ಹಳ್ಳಿಯಲ್ಲಿ ವರ್ಷಕ್ಕೆ 72,000, ಬೇರೆಡೆ 96,000 ರೂಪಾಯಿ ಮೀರಿರಬಾರದು. ಜಿಲ್ಲಾ ಮಟ್ಟದ ಸಮಿತಿ ಮಂಜೂರು ಮಾಡಬೇಕು, ಮಗು ಶಾಲೆಗೆ ಹೋಗುತ್ತಿರಬೇಕು. ಹಿಂದೆ ಇದು 2,000 ಇತ್ತು.

ಹುಡುಗನ ಅಪ್ಪ ಸತ್ತು ಮೂರು ವರ್ಷವಾಗಿತ್ತು. ಪುಣೆಯ ಕಡೆಯೇ, ಕಟ್ಟಡದಿಂದ ಬಿದ್ದು. ಹೆಣ ಊರಿಗೆ ಬಂದಿತ್ತು, ಮರಣ ಪ್ರಮಾಣಪತ್ರ ಬಂದಿರಲಿಲ್ಲ. ಸಾವು ಎಲ್ಲಿ ಆಯಿತೋ ಅಲ್ಲಿಯ ಕಚೇರಿಯಲ್ಲಿ ಅದು ದಾಖಲಾಗಬೇಕು, ಅಲ್ಲಿಂದಲೇ ತರಬೇಕು. ಕಮಲಾಪುರದ ಹೆಣ್ಣುಮಗಳಿಗೆ ಅದನ್ನು ಯಾರು ಹೇಳಬೇಕು? ಆ ಒಂದು ಹಾಳೆ ಇಲ್ಲದ್ದಕ್ಕೆ ಮೂರು ವರ್ಷ ವಿಧವಾ ವೇತನವಿಲ್ಲ. ಮಗ್ಗಲಲ್ಲೇ ಅತ್ತೆಯ ಕೂಲಿ, ದೂರದಲ್ಲಿ ಸೊಸೆಯ ಕೂಲಿ, ನಡುವೆ ಇಬ್ಬರು ಮಕ್ಕಳು. ಆಕೆ ಸಂಕ್ರಾಂತಿ ಮುಗಿಸಿ ಹೊರಟಾಗ, ಯಾವ ಕಚೇರಿಗೆ ಹೋಗಬೇಕು, ಏನೇನು ಹಿಡಿದು ಹೋಗಬೇಕು ಎಂದು ಹಾಳೆಯಲ್ಲಿ ಬರೆದುಕೊಟ್ಟೆ. ಮರಾಠಿ ಬರುವ ಗೆಳತಿಯೊಬ್ಬಳಿಂದ ಅರ್ಜಿಯನ್ನೂ ಬರೆಸಿಕೊಟ್ಟೆ. ಇತ್ತ ವರಮಾನದ ಪ್ರಮಾಣಪತ್ರಕ್ಕೆ ಅಜ್ಜಿಯ ಜೊತೆ ನಾಡಕಚೇರಿಗೆ ಹೋದೆ. ಆಧಾರಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಅದನ್ನು ತಿದ್ದಿಸುವುದು ಬೇರೆಯೇ ಒಂದು ಪುರಾಣ, ಇಲ್ಲಿ ಬೇಡ. ತನಿಖೆ ಎಂದು ನಾವು ಕರೆಯುವ ಕೆಲಸದಲ್ಲಿ ನನ್ನ ಅತಿ ಹೆಚ್ಚು ದಿನ ಕಳೆದದ್ದು ಇಂಥ ಸಾಲುಗಳಲ್ಲಿ ನಿಂತು. ಆ ಸಾಲಿನಲ್ಲಿ ಪಕ್ಕಕ್ಕೆ ನಿಂತಾಗ ಅಜ್ಜಿ ಹೇಳಿದಷ್ಟನ್ನು ಯಾವ ನಮೂನೆಯ ಖಾನೆಗೂ ಹೇಳಲಿಲ್ಲ.

2024ರ ಫೆಬ್ರವರಿಯಲ್ಲಿ ಸಮಿತಿ ಹುಡುಗನನ್ನು ಅಜ್ಜಿಯ ವಶಕ್ಕೆ ಕೊಟ್ಟಿತು. ಹೊಡೆಯಕೂಡದು, ಶಾಲೆ ತಪ್ಪಿಸಕೂಡದು, ತಿಂಗಳಿಗೊಮ್ಮೆ ನಾನು ಹೋಗಿ ನೋಡಬೇಕು. ಅಜ್ಜಿ ಹೆಬ್ಬೆಟ್ಟು ಒತ್ತಿದಳು. ಬೆರಳಿನ ಮಸಿಯನ್ನು ಗೋಡೆಗೆ ಒರೆಸಲು ಹೋಗಿ, ಕಚೇರಿಯ ಗೋಡೆ ಎಂದು ನೆನಪಾಗಿ ತನ್ನ ತಲೆಗೇ ಒರೆಸಿಕೊಂಡಳು. ಹುಡುಗ ಅದನ್ನು ನೋಡಿ ನಕ್ಕ. ಎರಡು ತಿಂಗಳಲ್ಲಿ ಅವನು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಹಣ ಬರಲು ಆರು ತಿಂಗಳು ಹಿಡಿಯಿತು. ಆ ಆರು ತಿಂಗಳು ಹೇಗೆ ಕಳೆದವು ಎಂದು ನನಗೆ ಗೊತ್ತು, ಏಕೆಂದರೆ ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಒಂದು ಸಾರೆ ಹುಡುಗ ಮತ್ತೆ ಕಾಣೆ. ಕಮಲಾಪುರದ ಬಸ್ ನಿಲ್ದಾಣದಲ್ಲಿ ಸಿಕ್ಕ. ಅಲ್ಲಿಯ ತನಕ ಹೋಗಿ, ತಂಗಿಯ ನೆನಪಾಗಿ ಬಸ್ಸು ಹತ್ತದೆ ಕುಳಿತಿದ್ದನಂತೆ. ಅಜ್ಜಿ ಅವನನ್ನು ಹೊಡೆಯಲಿಲ್ಲ. ಮಾತೂ ಆಡಿಸಲಿಲ್ಲ, ಎರಡು ದಿನ. ಅದು ಹೊಡೆತಕ್ಕಿಂತ ಜಾಸ್ತಿ ಆಯಿತು ಎಂದು ಅವನೇ ನನಗೆ ದೂರು ಹೇಳಿದ. ಆಗಸ್ಟಿನಲ್ಲಿ ಮೊದಲ 4,000 ಖಾತೆಗೆ ಬಿತ್ತು. ಅಜ್ಜಿ ಟೆಂಪೊ ಹತ್ತಿ ದೂರದ ಹೊಲಗಳಿಗೆ ಹೋಗುವುದನ್ನು ಬಿಟ್ಟಳು. ಊರ ಸುತ್ತಲ ಹೊಲದ ಕೆಲಸಕ್ಕೆ ಕೂಲಿ ಕಡಿಮೆ, ಆದರೆ ಐದಕ್ಕೆ ಮನೆ. ಚಿಕ್ಕದು ಅಂಗನವಾಡಿಗೆ ಹೋಗತೊಡಗಿತು. ತಾಯಿ ಮುಂಗಡ ತೀರಿಸಲು ಪುಣೆಯಲ್ಲೇ ಇದ್ದಳು. ಅದನ್ನು ಯಾವ ಯೋಜನೆಯೂ ಒಂದೇಟಿಗೆ ತಪ್ಪಿಸಲಿಲ್ಲ.

ಆ ಮನೆಯಲ್ಲಿ ನಾನು ಒಂದು ತಮಾಷೆಯ ವಸ್ತುವಾಗಿಬಿಟ್ಟೆ. ಬಂದವರಿಗೆಲ್ಲ ಅಜ್ಜಿ ಪರಿಚಯ ಮಾಡಿಕೊಡುತ್ತಿದ್ದಳು: "ಕೀಲಿ ನೋಡಿ ಬರಕೊಂಡು ಹೋದ ಅಕ್ಕೋರು ಇವರೇ." ನೆರೆಯ ಹೆಂಗಸರು ಬಾಯಿಗೆ ಸೆರಗು ಹಚ್ಚಿ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಸ್ವಲ್ಪ ಕಡಿಮೆ.

ಆ ಕೆಲಸ ಬಿಟ್ಟ ಮೇಲೆ, 2025ರ ಜುಲೈನಲ್ಲಿ ಹುಮನಾಬಾದಿಗೆ ಒಂದು ಮದುವೆಗೆ ಹೋದವಳು ಬರುವಾಗ ಕಮಲಾಪುರದಲ್ಲಿ ಇಳಿದೆ. ಒಂದು ಫಣಿ ಕೆಂಪು ಬಾಳೆ ಕೊಂಡು ಟಂಟಂ ಹಿಡಿದೆ. ಮೋಡ ಕವಿದಿತ್ತು. ಹೊತ್ತು ನೋಡಿಕೊಳ್ಳದೆ ಹೋಗಿದ್ದೆ. ನಾಲ್ಕೂ ಆಗಿರಲಿಲ್ಲ. ಬಾಗಿಲಿಗೆ ಅದೇ ಹಿತ್ತಾಳೆಯ ಕೀಲಿ.

ಕಟ್ಟೆಯ ಮೇಲೆ ಕುಳಿತೆ. ಮುದುಕಪ್ಪ ಇರಲಿಲ್ಲ, ಚಳಿಗಾಲದಲ್ಲಿ ಹೋದನಂತೆ. ನಾಲ್ಕೂವರೆಗೆ ಹುಡುಗ ಬಂದ, ತಂಗಿಯ ಕೈ ಹಿಡಿದುಕೊಂಡು. ಅವಳೂ ಈಗ ಒಂದನೆಯ ಇಯತ್ತೆ. ಅವನಿಗೆ ಮೀಸೆ ಮೂಡುವ ಲಕ್ಷಣ, ದನಿ ಒಡೆದಿತ್ತು. ಜೇಬಿನಿಂದ ಕೀಲಿಕೈ ತೆಗೆದು ಬಾಗಿಲು ತೆಗೆದ. ತಂಬಿಗೆಯಲ್ಲಿ ನೀರು ಕೊಟ್ಟ. ತಂಗಿ ಬಾಳೆಹಣ್ಣಿನ ಚೀಲ ಬಿಚ್ಚತೊಡಗಿದ್ದಳು.

"ಆಯಿ ಕಸ ತಗ್ಯಾಕ ಹೋಗ್ಯಾಳ್ರಿ. ಐದಕ್ಕ ಬರ್ತಾಳ. ಕುಂದರ್ರಿ" ಎಂದ. ಆ ಮೇಲೆ ಏನೋ ನೆನಪಾದವನಂತೆ ಎದ್ದು, ಜಂತಿಯ ಬುಟ್ಟಿ ಇಳಿಸಿ ನನ್ನ ಮುಂದಿಟ್ಟು, ಮುಚ್ಚಿದ ಬಟ್ಟೆ ಸರಿಸಿದ.

"ಇಲ್ನೋಡ್ರಿ, ರೊಟ್ಟಿ ಅದಾವ. ನಾಕು" ಎಂದ. "ಬರ್ಕೋರಿ."